ಒಂದು ವರಸೆಗೆ ಇನ್ನೊಂದು ಜೊತೆ

ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವ ವಿಷಯ ವಿಡಿಯೊ ಆಟ. ಈ ಮಾತು ಕೇಳಿದೊಡನೆ ನಿಮ್ಮಲ್ಲಿ ಕೆಲವರ ಮುಖ ಅರಳಿರಬಹುದು. ಪಕ್ಕದಲ್ಲಿ ಕುಳಿತ ನಿಮ್ಮ ತಂದೆತಾಯಿಯರು ಹುಬ್ಬು ಗಂಟಿಕ್ಕಿರಲೂಬಹುದು. ಇಬ್ಬರಿಗೂ ಸ್ವಲ್ಪ ತಾಳ್ಮೆ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಇಂಥ ಆಟ ಆಡಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಹೊಡೆದಾಟದ ಆಟಗಳಲ್ಲಿ ಆಟಗಾರನ ಮುಂದೆ ಬಂದು ನಿಲ್ಲುವ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇನೆ. ಕಣ್ಣ ಮುಂದೆ ಹತ್ತಾರು ವರಸೆಗಳಿವೆ. ಎಲ್ಲವನ್ನೂ ಚೆನ್ನಾಗಿ ಕಲಿಯುವಷ್ಟು ಅವಕಾಶವಿಲ್ಲ. ಹಾಗಿರುವಾಗ ಒಂದಕ್ಕೊಂದು ಒದಗಿಬರುವ ವರಸೆಗಳನ್ನು ಆರಿಸುವುದು ಹೇಗೆ? ಪ್ರಶ್ನೆ ಆಟದ್ದು. ಆದರೆ ಉತ್ತರ ಹುಡುಕುತ್ತ ಹೋದರೆ ಅದು ನಮ್ಮನ್ನು ಆಟದ ಆಚೆಗೂ ಕರೆದೊಯ್ಯುತ್ತದೆ.

ನಮ್ಮೂರು ಕುಂದೂರು. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿದೆ. ಗದ್ದೆ, ಕಾಫಿ ತೋಟ, ನಡುನಡುವೆ ಕಾಡಿನ ತುಂಡುಗಳು. ಆಷಾಢದ ಜಡಿಮಳೆ ಹಿಡಿಯಿತೆಂದರೆ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಅಂಥದೊಂದು ಮಳೆಗಾಲದಲ್ಲಿ ನನ್ನ ಅಕ್ಕನ ಮಗ ನಾಲ್ಕು ದಿನ ಇದ್ದು ಹೋಗಲು ಬಂದಿದ್ದ. ಪಿಯುಸಿ ಓದುವ ಹುಡುಗ. ಜಗಲಿಯ ಮೂಲೆಯಲ್ಲಿ ಕುಳಿತು, ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಹೊಡೆದಾಟದ ಆಟವೊಂದನ್ನು ಆಡುತ್ತಿದ್ದ. ಒಂದೇ ಜಾಗದಲ್ಲಿ ನಾಲ್ಕು ಸಲ ಸೋತ. ಐದನೆಯ ಸಲವೂ ಸೋತಾಗ ನನ್ನ ಕಡೆ ತಿರುಗಿ, “ಮಾವ, ನಾನು ಕಲಿತಿರೋದು ಭಾರಿ ಬಲವಾದ ವರಸೆ. ಆದರೂ ಸೋಲ್ತಾ ಇದ್ದೀನಿ. ಇದಕ್ಕಿಂತ ಬಲವಾದದ್ದು ಇನ್ನೇನಾದರೂ ಸಿಗುತ್ತಾ ನೋಡಬೇಕು” ಎಂದ.

ಆ ಆಟದ ವಿಷಯ ಆಗ ನನಗೇನೂ ತಿಳಿಯದು. ಆದರೆ ಪರದೆಯ ಮೇಲೆ ನಡೆಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಅವನ ವೀರ ಒಂದೊಂದು ಏಟನ್ನೂ ನಿಧಾನವಾಗಿ ಎತ್ತಿ ಹೊಡೆಯುತ್ತಿದ್ದ. ಬಿದ್ದ ಏಟಿಗೆ ಎದುರಾಳಿ ಉರುಳುತ್ತಿದ್ದುದೂ ನಿಜ. ಆದರೆ ಕೈ ಎತ್ತಿ ಇಳಿಸುವಷ್ಟರಲ್ಲಿ ಉಳಿದ ಮೂವರು ಹಿಂದಿನಿಂದ ಬಂದು ಬಡಿದು ಹೋಗಿರುತ್ತಿದ್ದರು. “ಇದಕ್ಕಿಂತ ಬಲವಾದದ್ದು ಯಾತಕ್ಕೋ? ಇದು ಎಲ್ಲಿ ಸೋಲುತ್ತೋ ಅಲ್ಲಿ ಗೆಲ್ಲೋದು ಯಾವುದಿದೆ, ಅದನ್ನು ನೋಡು” ಎಂದೆ. ಹುಡುಗ ಒಂದು ಕ್ಷಣ ಸುಮ್ಮನಾದ. “ಅದು ಸಣ್ಣ ವರಸೆ ಮಾವ, ಅದರಿಂದ ಏಟೇ ಬೀಳಲ್ಲ” ಎಂದ. ಹಾಗೆಂದವನು ಮತ್ತೆ ಆಟ ಶುರುಮಾಡಲಿಲ್ಲ. ಯೋಚಿಸುತ್ತ ಕುಳಿತ.

ಇಂದಿನ ನನ್ನ ಮಾತಿನ ತಿರುಳು ಇಷ್ಟೇ. ಎರಡನೆಯ ವರಸೆಯನ್ನು ಅದರ ಸ್ವಂತ ಬಲ ನೋಡಿ ಆರಿಸಬಾರದು. ಮೊದಲನೆಯದರ ಕೊರತೆ ನೋಡಿ ಆರಿಸಬೇಕು. ಹೇಳಲು ಸುಲಭ. ಮಾಡುವಾಗ ಮಾತ್ರ ನಾವೆಲ್ಲರೂ ತಪ್ಪುತ್ತೇವೆ. ಯಾಕೆ ತಪ್ಪುತ್ತೇವೆ ಎಂಬುದನ್ನು ಒಂದೊಂದಾಗಿ ನೋಡೋಣ.

ಆ ಹುಡುಗ ಆಡುತ್ತಿದ್ದ ಆಟದ ಹೆಸರು ಜೇಡ್ ಎಂಪೈರ್. ಕೆನಡಾ ದೇಶದ ಬಯೋವೇರ್ ಸಂಸ್ಥೆ 2005ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕೆಂದು ಹೊರತಂದದ್ದು. 2007ರಲ್ಲಿ ಕಂಪ್ಯೂಟರಿಗೂ ಬಂತು. ಪುರಾತನ ಚೀನಾ ದೇಶವನ್ನು ನೆನಪಿಸುವ ಒಂದು ಕಲ್ಪನೆಯ ರಾಜ್ಯ. ಅಲ್ಲಿ ಒಬ್ಬ ಗುರು, ಅವನ ಗುರುಕುಲ, ಒಬ್ಬ ಶಿಷ್ಯ. ಆ ಶಿಷ್ಯನೇ ಆಟಗಾರ. ಹಳೆಯ ಆಟವಾದರೂ ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗುವುದು ಕಷ್ಟ. ಯಾಕೆಂದರೆ ಈ ಆಟದಲ್ಲಿ ವರಸೆಗಳನ್ನು ಜಾತಿವಾರು ಬೇರ್ಪಡಿಸಿ ಇಟ್ಟಿದ್ದಾರೆ.

ಮೊದಲನೆಯ ಜಾತಿ, ಬರಿಗೈ ಕಾಳಗದ ವರಸೆಗಳು. ಇವುಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ‘ಥೌಸಂಡ್ ಕಟ್ಸ್’ ಎಂಬುದು ಹೆಸರಿಗೆ ತಕ್ಕಂತೆ ಒಂದರ ಹಿಂದೊಂದು ಚುರುಕಾದ ಏಟುಗಳ ವರಸೆ. ಒಂದೊಂದು ಏಟೂ ಹಗುರ. ‘ವೈಟ್ ಡೀಮನ್’ ಎಂಬುದು ನಿಧಾನ. ಆದರೆ ಏಟು ಭಾರ. ನಮ್ಮ ಹುಡುಗ ನೆಚ್ಚಿದ್ದು ಇದನ್ನೇ. ಎರಡನೆಯ ಜಾತಿ ಮಂತ್ರದ ವರಸೆಗಳು. ದೂರದಿಂದಲೇ ಬೆಂಕಿ, ಮಂಜುಗಡ್ಡೆ ಮೊದಲಾದವನ್ನು ಎಸೆಯುವಂಥವು. ಮೂರನೆಯದು ಆಯುಧಗಳ ವರಸೆ. ಕತ್ತಿ, ದೊಣ್ಣೆ ಇತ್ಯಾದಿ. ನಾಲ್ಕನೆಯದು ರೂಪ ಬದಲಿಸುವ ವರಸೆ; ವೀರನೇ ರಾಕ್ಷಸರೂಪ ತಾಳಿ ಹೋರಾಡುವುದು. ಐದನೆಯ ಜಾತಿಯೇ ವಿಚಿತ್ರ. ಅದನ್ನು ಬೆಂಬಲದ ವರಸೆ ಎನ್ನಬಹುದು. ಇದರಿಂದ ಎದುರಾಳಿಗೆ ಗಾಯವೇ ಆಗುವುದಿಲ್ಲ. ‘ಹೆವೆನ್ಲಿ ವೇವ್’ ಎಂಬುದು ಅವನ ಚಲನೆಯನ್ನು ನಿಧಾನಗೊಳಿಸುತ್ತದೆ. ‘ಪ್ಯಾರಲೈಸಿಂಗ್ ಪಾಮ್’ ಎಂಬುದು ಅವನನ್ನು ನಿಂತಲ್ಲೇ ಮರಗಟ್ಟಿಸುತ್ತದೆ. ಅಷ್ಟೇ. ನಮ್ಮ ಹುಡುಗ “ಏಟೇ ಬೀಳಲ್ಲ” ಎಂದು ತಳ್ಳಿಹಾಕಿದ್ದು ಇದನ್ನೇ.

ಈಗ ಮೊದಲ ಹೆಜ್ಜೆ. ನಮ್ಮ ನೆಚ್ಚಿನ ವರಸೆಯ ಕೊರತೆ ಎಲ್ಲಿದೆ ಎಂದು ತಿಳಿಯಬೇಕು. ಇಲ್ಲಿಯೇ ಮೊದಲ ತೊಡಕು. ಕೊರತೆ ಎಂಬುದು ಬಲದಿಂದ ದೂರ ಎಲ್ಲೋ ಅಡಗಿರುವುದಿಲ್ಲ; ಬಲದ ಬುಡದಲ್ಲೇ ಇರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಏಟು ಭಾರವಾಗಿರುವುದರಿಂದಲೇ ಕೈ ನಿಧಾನ. ದೂರಕ್ಕೆ ಎಸೆಯುವ ಮಂತ್ರವಾದ್ದರಿಂದಲೇ ಹತ್ತಿರ ಬಂದವನ ಮುಂದೆ ತಬ್ಬಿಬ್ಬು. ಒಬ್ಬನನ್ನು ಪೂರ್ತಿ ಹಣಿಯುವ ವರಸೆಯಾದ್ದರಿಂದಲೇ ಸುತ್ತ ನಾಲ್ವರು ಮುತ್ತಿದರೆ ದಿಕ್ಕು ತೋಚದು.

ಇದನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮ ಕಡೆಯೇ ಒಂದು ಜಾಗವಿದೆ. ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ಕೆಲವೇ ಕಿಲೋಮೀಟರ್ ಹೋದರೆ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಮಂಜು ಮುಸುಕುವ ಜಾಗವಾದ್ದರಿಂದ ಆ ಹೆಸರು ಬಂತೆಂದು ಹೇಳುವುದುಂಟು. ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಮೇಲಿನಿಂದ ನೋಡಿದರೆ ಅದು ಎಂಟು ಮೂಲೆಗಳ ನಕ್ಷತ್ರ. ಚೌಕವಾಗಿಯೋ ದುಂಡಗೋ ಕಟ್ಟುವುದನ್ನು ಬಿಟ್ಟು ನಕ್ಷತ್ರದ ಆಕಾರ ಯಾಕೆ? ಅಂದಕ್ಕಾಗಿ ಎಂದು ನಾನೂ ಚಿಕ್ಕಂದಿನಲ್ಲಿ ತಿಳಿದಿದ್ದೆ. ವಿಷಯ ಬೇರೆ. ಎತ್ತರದ ಗೋಡೆಯ ಮೇಲೆ ನಿಂತ ಸೈನಿಕನಿಗೆ ದೂರದ ಶತ್ರು ಕಾಣುತ್ತಾನೆ. ಆದರೆ ಗೋಡೆಯ ಬುಡಕ್ಕೇ ಬಂದು ಅಂಟಿಕೊಂಡ ಶತ್ರು ಅವನಿಗೆ ಕಾಣುವುದಿಲ್ಲ. ಗೋಡೆ ಎತ್ತರವಾದಷ್ಟೂ ಆ ಕುರುಡು ಜಾಗ ಹೆಚ್ಚು. ಅದಕ್ಕೆ ಗೋಡೆಯನ್ನು ಇನ್ನೂ ಎತ್ತರಿಸಿ ಪ್ರಯೋಜನವಿಲ್ಲ. ಪರಿಹಾರ ಏನೆಂದರೆ ಪಕ್ಕದ ಗೋಡೆಯನ್ನು ಓರೆಯಾಗಿ ಮುಂದಕ್ಕೆ ಚಾಚುವುದು. ಆಗ ಈ ಗೋಡೆಯ ಬುಡ ಆ ಗೋಡೆಯ ಮೇಲಿದ್ದವನಿಗೆ ಕಾಣುತ್ತದೆ. ಆ ಗೋಡೆಯ ಬುಡ ಈ ಗೋಡೆಯವನಿಗೆ. ಯೂರೋಪಿನಲ್ಲಿ ಫಿರಂಗಿಗಳ ಕಾಲದಲ್ಲಿ ಬೆಳೆದ ಈ ವಿದ್ಯೆ ನಮ್ಮ ಗುಡ್ಡದ ಮೇಲೂ ಬಂದು ಕುಳಿತಿದೆ.

ಗಮನಿಸಿ, ಇಲ್ಲಿ ಎರಡನೆಯ ಗೋಡೆ ಮೊದಲನೆಯದಕ್ಕಿಂತ ದೊಡ್ಡದಲ್ಲ, ಗಟ್ಟಿಯೂ ಅಲ್ಲ. ನಿಂತಿರುವ ಕೋನ ಬೇರೆ, ಅಷ್ಟೇ. ವರಸೆಗಳ ಜೋಡಿಯನ್ನು ಆರಿಸುವಾಗಲೂ ಹುಡುಕಬೇಕಾದದ್ದು ಈ ಬೇರೆ ಕೋನವನ್ನೇ.

ಎರಡನೆಯ ಹೆಜ್ಜೆ, ಎರಡೂ ವರಸೆಗಳು ಒಂದೇ ಕಡೆ ಕಾವಲು ನಿಲ್ಲದಂತೆ ನೋಡಿಕೊಳ್ಳುವುದು. ಇದನ್ನು ನಾನು ವಿಡಿಯೊ ಆಟದಿಂದ ಕಲಿಯಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಕಬಡ್ಡಿ ಅಂಗಳದಲ್ಲಿ ಕಲಿತೆ. ನಾನೂ ನನ್ನ ಅಣ್ಣನೂ ಒಂದೇ ತಂಡದಲ್ಲಿದ್ದೆವು. ಇಬ್ಬರೂ ಎಡ ಮೂಲೆಯ ಆಟಗಾರರು. ದಾಳಿಗೆ ಬಂದವನು ಕಾಲು ಚಾಚಿದರೆ ಸಾಕು, ಕಣಕಾಲಿಗೆ ಕೈ ಹಾಕಿ ಹಿಡಿದುಬಿಡುತ್ತಿದ್ದೆವು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟುವಾಗ, ಇಬ್ಬರೂ ಒಳ್ಳೆಯ ಹಿಡಿತಗಾರರು ಎಂದು ಇಬ್ಬರನ್ನೂ ಸೇರಿಸಿದರು. ಬಲ ಮೂಲೆಗೆ ನಾನು ಹೋಗಬೇಕಾಯಿತು. ಎಡಗಡೆ ನಿಂತು ಅಭ್ಯಾಸವಾದ ಕೈ ಬಲಗಡೆ ತಡವರಿಸಿತು. ಅದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದೆಯೇ ನಾನು ಎಡಕ್ಕೇ ಸರಿಯುತ್ತಿದ್ದೆ. ಎದುರಾಳಿ ತಂಡದವರಿಗೆ ಅದನ್ನು ಕಂಡುಹಿಡಿಯಲು ಎರಡು ದಾಳಿ ಸಾಕಾಯಿತು. ಆಮೇಲೆ ಬಂದವರೆಲ್ಲ ಬಲ ಮೂಲೆಗೇ ಬಂದರು. ನಮ್ಮ ಅಣ್ಣನಂಥ ಹಿಡಿತಗಾರ ಆ ಕೂಟದಲ್ಲೇ ಇರಲಿಲ್ಲ. ಆದರೆ ಅವನ ಕೈಗೆ ಒಂದು ಕಾಲೂ ಸಿಗಲಿಲ್ಲ. ಏಳು ಜನರ ತಂಡದಲ್ಲಿ ಇಬ್ಬರು ಒಳ್ಳೆಯ ಆಟಗಾರರು ಸೇರಿ ಒಬ್ಬನ ಕೆಲಸ ಮಾಡಿದೆವು.

ಜೇಡ್ ಎಂಪೈರ್ ಆಟದಲ್ಲಿ ಈ ತಪ್ಪು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ವೀರನಿಗೆ ಆರೋಗ್ಯವಲ್ಲದೆ ಇನ್ನೆರಡು ಬಗೆಯ ಶಕ್ತಿಗಳಿವೆ. ಒಂದು ‘ಚೀ’ ಎಂಬ ಪ್ರಾಣಶಕ್ತಿ. ಇನ್ನೊಂದು ಏಕಾಗ್ರತೆಯ ಶಕ್ತಿ. ಮಂತ್ರದ ವರಸೆ ಬಳಸಿದಾಗ ಪ್ರಾಣಶಕ್ತಿ ಕರಗುತ್ತದೆ. ಆಯುಧ ಬಳಸಿದಾಗ ಏಕಾಗ್ರತೆ ಕರಗುತ್ತದೆ. ಬರಿಗೈ ವರಸೆಗೆ ಎರಡರ ಖರ್ಚೂ ಇಲ್ಲ. ಗಾಯ ಮಾಯಿಸಿಕೊಳ್ಳಲು ಬೇಕಾಗುವುದು ಕೂಡ ಅದೇ ಪ್ರಾಣಶಕ್ತಿ. ಈಗ ಯೋಚಿಸಿ. ಒಬ್ಬ ಆಟಗಾರ ಬೆಂಕಿಯ ಮಂತ್ರ ಚೆನ್ನಾಗಿದೆ ಎಂದು ಅದನ್ನು ಕಲಿತ; ಮಂಜುಗಡ್ಡೆಯದೂ ಚೆನ್ನಾಗಿದೆ ಎಂದು ಅದನ್ನೂ ಕಲಿತ. ನೋಡಲು ಎರಡು ವರಸೆ. ಲೆಕ್ಕಕ್ಕೆ ಒಂದೇ ಹುಂಡಿಯಿಂದ ಖರ್ಚಾಗುವ ಎರಡು ಬಾಯಿ. ಹುಂಡಿ ಬರಿದಾದ ದಿನ ಎರಡೂ ಒಟ್ಟಿಗೆ ಮೂಗಾಗುತ್ತವೆ. ಮೇಲಾಗಿ ಗಾಯ ಮಾಯಿಸಲೂ ಕಾಸಿಲ್ಲ. ಅದರ ಬದಲು ಒಂದು ಮಂತ್ರ, ಒಂದು ಬರಿಗೈ ವರಸೆ ಎಂದು ಆರಿಸಿದವನಿಗೆ ಒಂದು ಬರಿದಾದಾಗ ಇನ್ನೊಂದು ಉಳಿದಿರುತ್ತದೆ.

ಇದಕ್ಕೆ ಸೇರಿಸಿ ಇನ್ನೊಂದು ಮಾತು. ಆ ಆಟದ ಕೆಲವು ಶತ್ರುಗಳಿಗೆ ಕೆಲವು ಜಾತಿಯ ವರಸೆ ತಾಗುವುದೇ ಇಲ್ಲ. ಪ್ರೇತಗಳಿಗೆ ಆಯುಧ ತಾಗದು. ಮಣ್ಣುಕಲ್ಲಿನ ದೈತ್ಯರಿಗೆ ಮಂತ್ರ ತಾಗದು. ಒಂದೇ ಜಾತಿಯನ್ನು ನೆಚ್ಚಿದವನು ಎಷ್ಟೇ ಪಳಗಿದ್ದರೂ ಅಂಥ ದಿನ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಹಾಗಾದರೆ ಎಲ್ಲ ಜಾತಿಯದನ್ನೂ ಸ್ವಲ್ಪ ಸ್ವಲ್ಪ ಕಲಿತುಬಿಡೋಣ ಎಂದು ನಿಮಗನ್ನಿಸಬಹುದು. ಇದು ಬುದ್ಧಿವಂತ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ. ಆದ್ದರಿಂದ ಉತ್ತರ ಹೇಳಲೇಬೇಕು. ಆಟದಲ್ಲಿ ಮೇಲಿನ ಹಂತಕ್ಕೆ ಏರಿದಾಗ ವರಸೆಗಳನ್ನು ಹರಿತಗೊಳಿಸಲು ಇಷ್ಟೇ ಅಂಕಗಳು ಎಂದು ಕೊಡುತ್ತಾರೆ. ಅವನ್ನು ಹತ್ತು ವರಸೆಗಳಿಗೆ ಹಂಚಿದರೆ ಹತ್ತೂ ಮೊಂಡಾಗಿ ಉಳಿಯುತ್ತವೆ. ಮುಂದೆ ಬರುವ ಗಟ್ಟಿ ಎದುರಾಳಿಗಳ ಮುಂದೆ ಅವುಗಳಲ್ಲಿ ಒಂದೂ ನಡೆಯುವುದಿಲ್ಲ. ಎರಡೋ ಮೂರೋ ವರಸೆಗಳನ್ನು ಸರಿಯಾಗಿ ಜೋಡಿಸಿ ಅವಕ್ಕೇ ಅಂಕ ಸುರಿದವನು ಮುಂದೆ ಹೋಗುತ್ತಾನೆ. ಎಲ್ಲ ಆಟಗಳೂ ಹೀಗೆಯೇ ಇವೆ ಎಂದೇನೂ ಅಲ್ಲ. 2020ರಲ್ಲಿ ಬಂದ ಗೋಸ್ಟ್ ಆಫ್ ತ್ಸುಶಿಮಾ ಎಂಬ ಆಟದಲ್ಲಿ ಜಪಾನಿನ ಸಮುರಾಯಿ ವೀರನಿಗೆ ನಾಲ್ಕು ನಿಲುವುಗಳಿವೆ. ಕತ್ತಿಯವನಿಗೆ ಕಲ್ಲಿನ ನಿಲುವು, ಗುರಾಣಿಯವನಿಗೆ ನೀರಿನ ನಿಲುವು, ಈಟಿಯವನಿಗೆ ಗಾಳಿಯ ನಿಲುವು, ದೈತ್ಯದೇಹಿಗೆ ಚಂದ್ರನ ನಿಲುವು. ಆಡುತ್ತ ಹೋದಂತೆ ನಾಲ್ಕೂ ಕೈಗೆ ಬರುತ್ತವೆ. ಅಲ್ಲಿ ಯಾವುದನ್ನು ಕಲಿಯಬೇಕೆಂಬ ಚಿಂತೆಗಿಂತ, ಎದುರಿಗೆ ಬಂದವನು ಯಾರೆಂದು ಗುರುತಿಸಿ ತಕ್ಷಣ ನಿಲುವು ಬದಲಿಸುವುದೇ ದೊಡ್ಡದು. ಎಂದರೆ ಆರಿಸುವ ಹೊತ್ತು ಬೇರೆ. ಆರಿಸುವ ರೀತಿ ಒಂದೇ. ಎದುರಾಳಿಯನ್ನು ನೋಡಿ, ನಮ್ಮ ಕೊರತೆಯನ್ನು ನೋಡಿ ಆರಿಸುವುದು.

ಮೂರನೆಯ ಹೆಜ್ಜೆ ಕ್ರಮದ್ದು. ಜೋಡಿ ಆರಿಸಿದರೆ ಸಾಲದು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದಿರಬೇಕು. ಗಾಯವನ್ನೇ ಮಾಡದ ಬೆಂಬಲದ ವರಸೆಯ ಬೆಲೆ ಅರ್ಥವಾಗುವುದು ಇಲ್ಲಿ. ಮರಗಟ್ಟಿಸುವ ವರಸೆಯಿಂದ ಎದುರಾಳಿಯನ್ನು ನಿಲ್ಲಿಸಿ, ಆಮೇಲೆ ನಿಧಾನದ ಭಾರವಾದ ಏಟು ಹಾಕಿದರೆ? ಏಟಿಗಿದ್ದ ಒಂದೇ ಕೊರತೆ ನಿಧಾನ. ಎದುರಾಳಿಯೇ ನಿಂತುಬಿಟ್ಟರೆ ನಿಧಾನ ಕೊರತೆಯಾಗಿ ಉಳಿಯುವುದಿಲ್ಲ. ಬೆಂಬಲದ ಕೆಲವು ವರಸೆಗಳ ಬಲವಾದ ಏಟಿನ ನಂತರ ಬರಿಗೈ ವರಸೆಯ ಬಲವಾದ ಏಟು ಬಿದ್ದರೆ ಎದುರಾಳಿ ಒಂದೇ ಸಲಕ್ಕೆ ಚೂರಾಗುವ ಏರ್ಪಾಡೂ ಆಟದಲ್ಲಿದೆ. ಕ್ರಮ ತಿರುಗುಮುರುಗಾದರೆ ಅದು ನಡೆಯದು.

ಈ ಕ್ರಮ ನಮ್ಮ ಭಾಗದ ಮಕ್ಕಳಿಗೆ ಹೊಸದಲ್ಲ. ಆಲೂರು, ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಾಗ ಊರಿಗೆ ಊರೇ ಅದರ ಸುದ್ದಿ ಮಾತಾಡುತ್ತದೆ. ಅಲ್ಲಿ ನಡೆಯುವುದೇನು? ಮೊದಲು ಹೆಜ್ಜೆ, ಲದ್ದಿ ನೋಡಿ ಆನೆ ಇರುವ ಜಾಗ ಪತ್ತೆಹಚ್ಚುವವರು ಹೋಗುತ್ತಾರೆ. ಆಮೇಲೆ ಕೋವಿಯಿಂದ ಅರಿವಳಿಕೆಯ ಚುಚ್ಚುಮದ್ದನ್ನು ದೂರದಿಂದ ಹೊಡೆಯುತ್ತಾರೆ. ಅದರಿಂದ ಆನೆ ಸಾಯುವುದಿಲ್ಲ, ಗಾಯವೂ ಇಲ್ಲವೆನ್ನುವಷ್ಟು ಕಡಿಮೆ, ಮಂಪರು ಮಾತ್ರ. ಮಂಪರು ಬಂದಮೇಲೆ ಕಾಲಿಗೆ ಹಗ್ಗ ಬೀಳುತ್ತದೆ. ಆಮೇಲೆ ಮಾವುತರು ಏರಿ ಕುಳಿತ ಸಾಕಾನೆಗಳು ಅಕ್ಕಪಕ್ಕ, ಹಿಂದೆ ಮುಂದೆ ನಿಂತು, ಎಳೆದು ತಳ್ಳಿ ಅದನ್ನು ಲಾರಿಯವರೆಗೆ ನಡೆಸುತ್ತವೆ. ಬರೀ ಮದ್ದಿನಿಂದ ಟನ್ನುಗಟ್ಟಲೆ ತೂಕದ ಪ್ರಾಣಿಯನ್ನು ಕಾಡಿನಿಂದ ಹೊರಗೆ ತರಲಾಗದು. ಬರೀ ಸಾಕಾನೆಯ ಬಲದಿಂದ ಪೂರ್ತಿ ಎಚ್ಚರವಿರುವ ಸಲಗವನ್ನು ಹಿಡಿಯುವುದು ಪ್ರಾಣಕ್ಕೇ ಸಂಚಕಾರ. ಮದ್ದಿಗೆ ಬಲವಿಲ್ಲ, ಬಲಕ್ಕೆ ಮದ್ದು ಬೇಕು. ಇವೆರಡರ ನಡುವೆ ಒಂದು ಕುರುಡು ಜಾಗವೂ ಇದೆ. ಮದ್ದು ಚುಚ್ಚಿದ ಕೂಡಲೇ ಆನೆ ಮಂಪರಿಗೆ ಜಾರುವುದಿಲ್ಲ. ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಆನೆಗೆ ನೋವಿದೆ, ಸಿಟ್ಟಿದೆ, ಪೂರ್ತಿ ಬಲವೂ ಇದೆ.

ಆ ನಿಮಿಷಗಳ ಬೆಲೆ ಎಷ್ಟೆಂದು ನಮ್ಮ ತಾಲ್ಲೂಕಿಗೆ ಗೊತ್ತು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡುವ ಸಲುವಾಗಿ ಅರಿವಳಿಕೆ ಮದ್ದು ಹೊಡೆಯಲು ಹೋದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅನುಭವಿ, ಆ ಆನೆಯ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಸಲಗವೊಂದರೊಡನೆ ಸೆಣಸುತ್ತ ಅರ್ಜುನ ಸತ್ತಿತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ. ಮೈಸೂರಿನ ರಾಜಬೀದಿಯಲ್ಲಿ ಲಕ್ಷಾಂತರ ಜನ ಕೈಮುಗಿದ ಆನೆ ನಮ್ಮ ಗುಡ್ಡದ ಮಣ್ಣಿನಲ್ಲಿ ಮಲಗಿದೆ.

ಈ ಎರಡು ಸಾವುಗಳನ್ನು ಒಂದು ಆಟದ ಪಾಠಕ್ಕೆ ಉದಾಹರಣೆ ಮಾಡಿಕೊಳ್ಳಬಹುದೇ ಎಂದು ನಾನು ಬಹಳ ಯೋಚಿಸಿದೆ. ಹೇಳುವುದೇ ಸರಿ ಎನ್ನಿಸಿತು. ಅವರ ಕುಶಲತೆಯಲ್ಲಿ ಕೊರತೆಯಿತ್ತು ಎಂದು ಯಾರೂ ಹೇಳಲಾರರು. ಅನುಭವವಾಗಲಿ ಬಲವಾಗಲಿ ಎಷ್ಟು ದೊಡ್ಡದಾದರೂ, ಅದರ ಪಕ್ಕದಲ್ಲಿ ಇನ್ನೊಂದು ಬೇಕು ಎಂಬುದನ್ನು ನಮ್ಮ ಗುಡ್ಡಗಳು ಬಹಳ ಕಠಿಣವಾಗಿ ಕಲಿಸಿವೆ. ಆಟದಲ್ಲಿ ಸೋತರೆ ಗುಂಡಿ ಒತ್ತಿ ಮತ್ತೆ ಶುರುಮಾಡಬಹುದು. ಗುಡ್ಡದಲ್ಲಿ ಆ ಗುಂಡಿ ಇಲ್ಲ. ಆದ್ದರಿಂದ ಆಟ ಕೊಡುವ ಆ ದೊಡ್ಡ ಸೌಲಭ್ಯವನ್ನು ಹಗುರವಾಗಿ ತಿಳಿಯಬೇಡಿ. ಪ್ರಾಣಕ್ಕೆ ಕುತ್ತಿಲ್ಲದೆ ಸೋತು, ಯಾಕೆ ಸೋತೆ ಎಂದು ನೋಡಿಕೊಳ್ಳುವ ಅವಕಾಶ ಜೀವನದಲ್ಲಿ ಹೆಚ್ಚು ಸಲ ಸಿಗುವುದಿಲ್ಲ. ಸೋತ ಕೂಡಲೇ ಏನನ್ನೂ ಯೋಚಿಸದೆ ಗುಂಡಿ ಒತ್ತಿದರೆ ಅದನ್ನು ಪೋಲು ಮಾಡಿದ ಹಾಗೆ.

ಇನ್ನು ಕೊನೆಯ ಪ್ರಶ್ನೆ. ನಮ್ಮ ಕೊರತೆ ನಮಗೆ ಕಾಣಿಸುವುದು ಹೇಗೆ? ಇದಕ್ಕೆ ಜೇಡ್ ಎಂಪೈರ್ ಕಥೆಯಲ್ಲೇ ಒಂದು ಸೊಗಸಾದ ಪ್ರಸಂಗವಿದೆ. ಆ ಆಟವನ್ನು ಮುಂದೆ ಆಡಬೇಕೆಂದಿರುವವರು ದಯವಿಟ್ಟು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ. ವೀರನಿಗೆ ಬಾಲ್ಯದಿಂದ ವಿದ್ಯೆ ಕಲಿಸಿದ ಗುರು ಲೀ, ಆ ವಿದ್ಯೆಯೊಳಗೆ ಬೇಕೆಂದೇ ಒಂದು ಲೋಪವನ್ನು ಇಟ್ಟಿರುತ್ತಾನೆ. ದಾರಿಯಲ್ಲಿ ಎದುರಾದ ನುರಿತವರು ಆ ಲೋಪವನ್ನು ಗಮನಿಸುತ್ತಾರೆ. ಆದರೆ ಅದು ಎದುರಾಳಿಯನ್ನು ಮೋಸಗೊಳಿಸುವ ತಂತ್ರವಿರಬೇಕೆಂದು ತಿಳಿಯುತ್ತಾರೆ. ವೀರನಿಗೆ ಮಾತ್ರ ಅದು ಕಾಣುವುದೇ ಇಲ್ಲ. ಕೊನೆಗೆ ದೊಡ್ಡ ಶತ್ರುವನ್ನು ಗೆದ್ದು ನಿಂತ ಕ್ಷಣದಲ್ಲಿ, ಆ ಲೋಪದೊಳಗೆ ಕೈಹಾಕಿ ಗುರುವೇ ಶಿಷ್ಯನನ್ನು ಕೊಲ್ಲುತ್ತಾನೆ. ಆಟವಾದ್ದರಿಂದ ಶಿಷ್ಯ ಪ್ರೇತಲೋಕದಿಂದ ಹಿಂದಿರುಗುತ್ತಾನೆನ್ನಿ. ಕಿವಿ ಮುಚ್ಚಿಕೊಂಡವರು ಈಗ ತೆಗೆಯಬಹುದು.

ಈ ಪ್ರಸಂಗದಲ್ಲಿ ನನಗೆ ನಾಟಿದ್ದು ಗುರುವಿನ ದ್ರೋಹಕ್ಕಿಂತ ಹೆಚ್ಚಾಗಿ ಶಿಷ್ಯನ ಕುರುಡು. ತಾನು ಕಲಿತ ವಿದ್ಯೆಯನ್ನು ಅವನು ಹೊರಗಿನಿಂದ ಒಮ್ಮೆಯೂ ನೋಡಲಿಲ್ಲ. ಅನುಮಾನ ಬಂದ ಒಬ್ಬನನ್ನಾದರೂ ನಿಲ್ಲಿಸಿ, “ಏನು ಕಂಡಿತು ಹೇಳಿ” ಎಂದು ಬಿಡದೆ ಕೇಳಲಿಲ್ಲ. ಕಬಡ್ಡಿಯಲ್ಲಿ ನಾನು ಎಡಕ್ಕೆ ಸರಿಯುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಎದುರಾಳಿಗೆ ಎರಡೇ ದಾಳಿಯಲ್ಲಿ ಗೊತ್ತಾಯಿತು. ನಮ್ಮ ಗೋಡೆಯ ಬುಡ ನಮಗೆ ಕಾಣದು. ಅದನ್ನು ತೋರಿಸಬಲ್ಲವರು ಇಬ್ಬರೇ. ಪಕ್ಕದ ಗೋಡೆಯ ಮೇಲೆ ನಿಂತ ಗೆಳೆಯ, ಇಲ್ಲವೇ ಬುಡಕ್ಕೆ ಬಂದು ನಿಂತ ಶತ್ರು. ಗೆಳೆಯನಿಂದ ಕೇಳಿ ತಿಳಿಯುವುದು ಅಗ್ಗ.

ಆದ್ದರಿಂದ ನಿಮಗೊಂದು ಚಿಕ್ಕ ಅಭ್ಯಾಸವನ್ನು ಸೂಚಿಸುತ್ತೇನೆ. ಯಾವುದೇ ಹೊಡೆದಾಟದ ಆಟ ಆಡುವವರು ನೋಟುಪುಸ್ತಕದ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ನಿಮ್ಮನ್ನು ಸೋಲಿಸಿದ ಎದುರಾಳಿ ಎಂಥವನು ಎಂದು ಬರೆಯಿರಿ. ಚುರುಕಿನವನೋ, ದೂರದಿಂದ ಹೊಡೆಯುವವನೋ, ಗುಂಪಾಗಿ ಬರುವವರೋ. ಎರಡನೆಯದರಲ್ಲಿ ಆ ಹೊತ್ತಿಗೆ ನಿಮ್ಮ ವರಸೆ ಏನು ಮಾಡುತ್ತಿತ್ತು ಎಂದು ಬರೆಯಿರಿ. ಮೂರನೆಯದನ್ನು ಖಾಲಿ ಬಿಟ್ಟು, ನೀವು ಆಡುವಾಗ ಪಕ್ಕದಲ್ಲಿ ಕುಳಿತು ನೋಡಿದ ಗೆಳೆಯನಿಗೋ ತಂಗಿಗೋ ಕೊಡಿ. ಅವರು ಕಂಡದ್ದನ್ನು ಅವರೇ ಬರೆಯಲಿ. ಹತ್ತು ಸೋಲುಗಳನ್ನು ಬರೆಯುವಷ್ಟರಲ್ಲಿ ಎರಡನೆಯ ವರಸೆ ಯಾವುದಿರಬೇಕೆಂದು ಹಾಳೆಯೇ ಹೇಳುತ್ತದೆ. ಆಟ ಆಡದವರು ಇದೇ ಮೂರು ಕಾಲಂಗಳನ್ನು ತಮ್ಮ ಲೆಕ್ಕದ ಪರೀಕ್ಷೆಗೋ, ಚರ್ಚಾಸ್ಪರ್ಧೆಯ ತಂಡಕ್ಕೋ ಹಾಕಿ ನೋಡಬಹುದು. ಚರ್ಚಾಸ್ಪರ್ಧೆಗೆ ಇಬ್ಬರು ನಿರರ್ಗಳ ಮಾತುಗಾರರನ್ನೇ ಕಳಿಸುವ ಕಾಲೇಜುಗಳು ಎಷ್ಟಿವೆ! ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಮೌನಿಯೊಬ್ಬನನ್ನು ಜೊತೆಗೆ ಕಳಿಸಿದರೆ ಏನಾಗುತ್ತದೆಂದು ಒಮ್ಮೆ ನೋಡಿ.

ಅಂದ ಹಾಗೆ, ನಮ್ಮ ಹುಡುಗನ ಕಥೆ ಮುಗಿಸಬೇಕಲ್ಲ. ಮಾರನೆಯ ದಿನವೂ ಮಳೆ ಬಿಟ್ಟಿರಲಿಲ್ಲ. ಅವನು ತನ್ನ ಭಾರದ ವರಸೆಯನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ‘ಏಟೇ ಬೀಳದ’ ಆ ಮರಗಟ್ಟಿಸುವ ವರಸೆಯನ್ನು ಅದರ ಜೊತೆಗೆ ಸೇರಿಸಿಕೊಂಡ. ಮೊದಲ ಎರಡು ಸಲ ಯಾವುದು ಮೊದಲು ಎಂಬುದು ಕೈಗೆ ಹತ್ತದೆ ಸೋತ. ಮೂರನೆಯ ಸಲ ಗೆದ್ದ. ಗೆದ್ದವನು ಕುಣಿಯುತ್ತಾನೆಂದು ನಾನು ಕಾದೆ. ಅವನು ನನ್ನ ಕಡೆ ತಿರುಗಿ, “ಮಾವ, ನಾನು ಆಡುವಾಗ ಇನ್ನೇನು ತಪ್ಪು ಕಾಣ್ತು?” ಎಂದು ಕೇಳಿದ.

ಆ ಗೆಲುವಿಗಿಂತ ಆ ಪ್ರಶ್ನೆ ನನಗೆ ಹೆಚ್ಚು ಸಂತೋಷ ಕೊಟ್ಟಿತು. ನಿಮಗೂ ಅಂಥ ಪ್ರಶ್ನೆ ಕೇಳುವ ಧೈರ್ಯ ಬರಲಿ. ಕೇಳಿದಾಗ ನಿಜ ಹೇಳುವ ಜೊತೆಗಾರರೂ ಸಿಗಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.